ಬೆರಳಿಗೊಪ್ಪಿದ ಅಕ್ಷರ: ಲೂಯಿ ಬ್ರೈಲ್ ಮೇಷ್ಟ್ರ ಕಥೆ

ಲೂಯಿ ಬ್ರೈಲ್ ಯಾರು ಎಂದು ಕೇಳಿದರೆ, ಅಂಧರಿಗಾಗಿ ಲಿಪಿ ಕಂಡುಹಿಡಿದವನು ಎಂದು ಪ್ರಾಥಮಿಕ ಶಾಲೆಯ ಮಕ್ಕಳೂ ಹೇಳಿಯಾರು. ಆದರೆ ಆತ ಬದುಕಿರುವಷ್ಟು ಕಾಲ ಆತನನ್ನು ಹಾಗೆ ಗುರುತಿಸಿದವರು ಬಹಳ ಕಡಿಮೆ. ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಯೊಂದರಲ್ಲಿ ವ್ಯಾಕರಣ, ಭೂಗೋಳ, ಗಣಿತ, ಸಂಗೀತ ಕಲಿಸುವ ಮೇಷ್ಟ್ರು ಆತ. ಆರಾಧನೆಯ ಹೊತ್ತಿಗೆ ಚರ್ಚಿನಲ್ಲಿ ಆರ್ಗನ್ ನುಡಿಸುವ ವಾದಕ. ಹೊಟ್ಟೆಪಾಡಿನ ಈ ಎರಡು ಕೆಲಸಗಳ ನಡುವೆಯೇ ಆರು ಚುಕ್ಕಿಗಳ ಲಿಪಿ ಹುಟ್ಟಿತು, ತಿದ್ದಿಸಿಕೊಂಡಿತು, ಬೆಳೆಯಿತು. ಆ ಲಿಪಿ ಏಕೆ ಹಾಗಿದೆ, ಅದನ್ನು ಒಪ್ಪಿಕೊಳ್ಳಲು ಜಗತ್ತು ಏಕೆ ಅಷ್ಟು ತಡಮಾಡಿತು ಎಂಬುದು ತಿಳಿಯಬೇಕಾದರೆ, ಸಂಶೋಧಕ ಬ್ರೈಲನ ಜೊತೆಗೆ ಮೇಷ್ಟ್ರಾಗಿದ್ದ, ಸಂಗೀತಗಾರನಾಗಿದ್ದ ಬ್ರೈಲನನ್ನೂ ನೋಡಬೇಕಾಗುತ್ತದೆ.

ಸಂತೆಯ ನಗೆಪಾಟಲು

ಕಥೆ ಆರಂಭವಾಗುವುದು ಬ್ರೈಲ್ ಹುಟ್ಟುವುದಕ್ಕೂ ಸುಮಾರು ನಾಲ್ಕು ದಶಕಗಳ ಹಿಂದೆ. 1771ರಲ್ಲಿ ಪ್ಯಾರಿಸ್ಸಿನ ಸೇಂಟ್ ಓವಿಡ್ ಜಾತ್ರೆಯಲ್ಲಿ ಒಂದು 'ಮೋಜು' ಏರ್ಪಾಡಾಗಿತ್ತು. ಕೆಲವು ಅಂಧರಿಗೆ ವಿಚಿತ್ರ ವೇಷ ತೊಡಿಸಿ, ಮೂಗಿನ ಮೇಲೆ ರಟ್ಟಿನ ಕನ್ನಡಕ ಇಟ್ಟು, ಎದುರಿಗೆ ಸ್ವರಲಿಪಿಯ ಹಾಳೆಗಳನ್ನು ನಿಲ್ಲಿಸಿ, ಕೈಗೆ ಪಿಟೀಲು ಕೊಟ್ಟು ಕೂರಿಸಲಾಗಿತ್ತು. ಕಣ್ಣಿಲ್ಲದವರು ಹಾಳೆ ನೋಡಿ ನುಡಿಸುವಂತೆ ನಟಿಸುವುದು, ಅಪಸ್ವರ ಕೇಳಿ ಜನ ಬಿದ್ದು ಬಿದ್ದು ನಗುವುದು - ಇದೇ ಆ ಮೋಜು. ಅದನ್ನು ಕಂಡು ಮನನೊಂದವನು ವ್ಯಾಲೆಂಟಿನ್ ಹೌಯಿ. ಅಂಧರು ನಿಜವಾಗಿಯೂ ಓದುವಂತೆ ಮಾಡುತ್ತೇನೆಂದು ಹಟ ತೊಟ್ಟ ಆತ 1784-85ರ ಹೊತ್ತಿಗೆ ಅಂಧ ಮಕ್ಕಳಿಗಾಗಿ ಪ್ಯಾರಿಸ್ಸಿನಲ್ಲಿ ಶಾಲೆಯೊಂದನ್ನು ತೆರೆದ. ಭಿಕ್ಷೆ ಬೇಡುತ್ತಿದ್ದ ಫ್ರಾಂಸ್ವಾ ಲಸ್ಯೂರ್ ಎಂಬ ಹುಡುಗ ಅದರ ಮೊದಲ ವಿದ್ಯಾರ್ಥಿ.

ಹೌಯಿ ಅನುಸರಿಸಿದ ಕ್ರಮ ಸರಳವಾಗಿತ್ತು. ಕಣ್ಣಿದ್ದವರು ಓದುವ ರೋಮನ್ ಅಕ್ಷರಗಳನ್ನೇ ಒದ್ದೆ ಮಾಡಿದ ದಪ್ಪ ಕಾಗದದ ಮೇಲೆ ಒತ್ತಿ ಉಬ್ಬಿಸುವುದು. ಮಕ್ಕಳು ಆ ಉಬ್ಬನ್ನು ಬೆರಳಿನಿಂದ ಸವರಿ ಗುರುತಿಸುವುದು. ಅಂಧ ಮಗುವೂ ಅಕ್ಷರ ಕಲಿಯಬಲ್ಲದು ಎಂಬುದನ್ನು ಆ ಕಾಲದ ಯೂರೋಪಿಗೆ ತೋರಿಸಿಕೊಟ್ಟದ್ದು ದೊಡ್ಡ ಸಾಧನೆಯೇ ಸರಿ. ಆದರೆ ಅಕ್ಷರಗಳು ದೊಡ್ಡವು, ಪುಸ್ತಕಗಳು ಎತ್ತಲಾರದಷ್ಟು ಭಾರ, ಬೆಲೆ ವಿಪರೀತ. ಒಂದೊಂದು ಅಕ್ಷರದ ಗೆರೆಯನ್ನೂ ಬೆರಳಿನಿಂದ ಸುತ್ತಿ ಬರುವಷ್ಟರಲ್ಲಿ ವಾಕ್ಯದ ಆರಂಭ ಮರೆತುಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಮಕ್ಕಳು ಹೇಗೋ ಓದಬಹುದಿತ್ತು. ತಾವು ಬರೆದದ್ದನ್ನು ತಾವೇ ಮತ್ತೆ ಓದಿಕೊಳ್ಳುವ ದಾರಿ ಇರಲಿಲ್ಲ.

ಕೂವ್ರೆಯ ಹುಡುಗ

ಲೂಯಿ ಬ್ರೈಲ್ ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ಸಿನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದ ಕೂವ್ರೆ ಎಂಬ ಹಳ್ಳಿಯಲ್ಲಿ. ತಂದೆ ಸಿಮೋನ್ ರೆನೆ ಕುದುರೆಯ ಜೀನು, ಲಗಾಮು ಹೊಲಿಯುವ ಕಸುಬುದಾರ. ಮೂರು ವರ್ಷದ ಮಗು ತಂದೆಯ ಕೆಲಸದ ಕೋಣೆಯಲ್ಲಿ ಚರ್ಮದ ಕೆಲಸದ ಮೊನಚು ಸಲಕರಣೆಯೊಂದನ್ನು ಹಿಡಿದು ಆಡುತ್ತಿದ್ದಾಗ ಅದು ಜಾರಿ ಕಣ್ಣಿಗೆ ಚುಚ್ಚಿತು. ಗಾಯ ಕೀವಾಯಿತು, ನಂಜು ಇನ್ನೊಂದು ಕಣ್ಣಿಗೂ ಹರಡಿತು. ಐದು ವರ್ಷ ತುಂಬುವ ವೇಳೆಗೆ ಲೂಯಿಗೆ ಎರಡು ಕಣ್ಣೂ ಕಾಣದಾಯಿತು.

ಆ ಕಾಲದ ಹಳ್ಳಿಯಲ್ಲಿ ಇಂಥ ಮಗುವಿನ ಮುಂದಿದ್ದ ದಾರಿ ಸಾಮಾನ್ಯವಾಗಿ ಭಿಕ್ಷೆಯದೇ. ಲೂಯಿಯ ಮನೆಯವರು ಹಾಗಾಗಲು ಬಿಡಲಿಲ್ಲ. ತಂದೆ ಹಲಗೆಯ ಮೇಲೆ ಮೊಳೆ ಹೊಡೆದು ಅಕ್ಷರಗಳ ಆಕಾರ ಮಾಡಿಕೊಟ್ಟ. ಊರಿನ ಪಾದ್ರಿ ಪಾಲ್ಯುಯಿ ಪಾಠ ಹೇಳಿದ. ಹಳ್ಳಿ ಶಾಲೆಯ ಮೇಷ್ಟ್ರು ಬೆಶೆರೆ, ಕಣ್ಣಿರುವ ಮಕ್ಕಳ ಜೊತೆಯಲ್ಲೇ ಹುಡುಗನನ್ನು ಕೂರಿಸಿಕೊಂಡ. ಕೇಳಿಯೇ ಪಾಠ ಒಪ್ಪಿಸುತ್ತಿದ್ದ ಹುಡುಗ ತರಗತಿಯಲ್ಲಿ ಮುಂದಿದ್ದ. ಊರಿನ ಶ್ರೀಮಂತರೊಬ್ಬರ ನೆರವಿನಿಂದ 1819ರ ಫೆಬ್ರುವರಿಯಲ್ಲಿ, ಹತ್ತು ವರ್ಷದ ಲೂಯಿಗೆ ಹೌಯಿ ಸ್ಥಾಪಿಸಿದ್ದ ಪ್ಯಾರಿಸ್ಸಿನ ಶಾಲೆಯಲ್ಲಿ ಪ್ರವೇಶ ಸಿಕ್ಕಿತು.

ಶಾಲೆಯ ಕಟ್ಟಡ ಹಳೆಯದು, ಕತ್ತಲು ಕವಿದದ್ದು, ಸದಾ ತೇವ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಅದು ಸೆರೆಮನೆಯಾಗಿತ್ತು. ಮುಂದೆ ಬ್ರೈಲನ ಪ್ರಾಣ ತೆಗೆದ ಕ್ಷಯರೋಗ ಅಂಟಿದ್ದು ಇಲ್ಲಿಯೇ ಎಂದು ಆತನ ಜೀವನಚರಿತ್ರೆ ಬರೆದವರು ಭಾವಿಸುತ್ತಾರೆ. ಆದರೆ ಆ ಕಟ್ಟಡದಲ್ಲಿ ಒಂದು ಭಾಗ್ಯವೂ ಇತ್ತು - ಸಂಗೀತ. ಪ್ಯಾರಿಸ್ಸಿನ ಸಂಗೀತಗಾರರು ಬಂದು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಲೂಯಿ ಪಿಯಾನೊ, ಚೆಲ್ಲೊ, ಆರ್ಗನ್ ಮೂರನ್ನೂ ಕಲಿತ.

ಹನ್ನೆರಡು ಚುಕ್ಕಿ ಆರಾದದ್ದು

1821ರಲ್ಲಿ ಶಾಲೆಗೆ ಹೊಸ ನಿರ್ದೇಶಕನಾಗಿ ಪಿನ್ಯೇ ಬಂದ. ಅದೇ ವರ್ಷ ಶಾರ್ಲ್ ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿ ತಾನು ರೂಪಿಸಿದ್ದ ಬರಹದ ಪದ್ಧತಿಯನ್ನು ಶಾಲೆಯ ಮುಂದಿಟ್ಟ. ನೆಪೋಲಿಯನ್ನನ ಸೈನಿಕರು ರಾತ್ರಿ ದೀಪವಿಲ್ಲದೆ ಆಜ್ಞೆಗಳನ್ನು ಓದಲೆಂದು ಇದನ್ನು ರಚಿಸಲಾಗಿತ್ತು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಆದರೆ ಬಾರ್ಬಿಯೆಯ ಬರಹಗಳನ್ನು ಪರಿಶೀಲಿಸಿದ ಇತ್ತೀಚಿನ ಸಂಶೋಧಕರು ಇದಕ್ಕೆ ಆಧಾರವಿಲ್ಲವೆನ್ನುತ್ತಾರೆ. ಶಾಲೆಯ ಮುಖ ಕಾಣದ ಬಡವರಿಗೆ, ಅಂಧರಿಗೆ ಸುಲಭದ ಬರವಣಿಗೆಯೊಂದು ಬೇಕೆಂಬುದೇ ಆತನ ಕಳಕಳಿಯಾಗಿತ್ತು.

ಬಾರ್ಬಿಯೆಯದು ಧ್ವನಿಗಳನ್ನು ಬರೆಯುವ ಪದ್ಧತಿ. ಫ್ರೆಂಚ್ ಭಾಷೆಯ 36 ಧ್ವನಿಗಳನ್ನು ಆರು ಅಡ್ಡಸಾಲು, ಆರು ಕಂಬಸಾಲಿನ ಕೋಷ್ಟಕದಲ್ಲಿ ಜೋಡಿಸಿ, ಪ್ರತಿ ಧ್ವನಿಯ ಸ್ಥಾನವನ್ನು ಎರಡು ಸಾಲು ಚುಕ್ಕಿಗಳಿಂದ ಸೂಚಿಸುವುದು. ಒಂದು ಧ್ವನಿಗೆ ಹನ್ನೆರಡು ಚುಕ್ಕಿಗಳವರೆಗೂ ಬೇಕಾಗುತ್ತಿತ್ತು. ಗೆರೆಗಿಂತ ಚುಕ್ಕಿ ಬೆರಳಿಗೆ ಬೇಗ ತಿಳಿಯುತ್ತದೆ ಎಂಬುದನ್ನು ಮೊದಲು ಕಂಡುಕೊಂಡವನು ಬಾರ್ಬಿಯೆ. ಕಾಗದದ ಮೇಲೆ ಮೊಳೆಯಂಥ ಕಡ್ಡಿಯಿಂದ ಒತ್ತಿ ಅಂಧರೇ ಬರೆಯಬಹುದು ಎಂಬುದೂ ಆತನ ಕೊಡುಗೆಯೇ.

ಮಕ್ಕಳು ಸಂತೋಷಪಟ್ಟರು. ಆದರೆ ಕೆಲವೇ ದಿನಗಳಲ್ಲಿ ತೊಡಕುಗಳೂ ಕಂಡವು. ಹನ್ನೆರಡು ಚುಕ್ಕಿಗಳ ಎತ್ತರ ಬೆರಳ ತುದಿಯಲ್ಲಿ ಒಮ್ಮೆಗೇ ಹಿಡಿಸುತ್ತಿರಲಿಲ್ಲ. ಬೆರಳನ್ನು ಮೇಲೆ ಕೆಳಗೆ ಆಡಿಸಬೇಕು. ಪದದ ನಿಜವಾದ ಕಾಗುಣಿತ ತಿಳಿಯುತ್ತಿರಲಿಲ್ಲ. ಪೂರ್ಣವಿರಾಮ, ಅಲ್ಪವಿರಾಮಗಳಿಲ್ಲ. ಅಂಕಿಗಳಿಲ್ಲ. ಸಂಗೀತ ಬರೆಯಲು ಬಾರದು. ಹೇಗೋ ಒಂದಿಷ್ಟು ವ್ಯವಹಾರಕ್ಕೆ ಅಕ್ಷರ ಸಾಕು ಎಂದು ಹೊರಗಿನವರು ಎಣಿಸಬಹುದಾಗಿತ್ತು. ವ್ಯಾಕರಣ, ಬೀಜಗಣಿತ, ಪಿಯಾನೊ ಕಲಿಯುತ್ತಿದ್ದ ಹುಡುಗನಿಗೆ ಅಷ್ಟು ಸಾಲುತ್ತಿರಲಿಲ್ಲ.

ಹನ್ನೆರಡರ ಹುಡುಗ ಇದನ್ನು ತಿದ್ದಲು ಕುಳಿತ. ಹದಿನೈದು ತುಂಬಿದ 1824ರ ಹೊತ್ತಿಗೆ ಲಿಪಿಯ ಮುಖ್ಯ ರೂಪ ಸಿದ್ಧವಾಗಿತ್ತು. ಎರಡು ಕಂಬಸಾಲು, ಒಂದೊಂದರಲ್ಲಿ ಮೂರು ಚುಕ್ಕಿ, ಒಟ್ಟು ಆರು. ಒಂದೇ ಸ್ಪರ್ಶಕ್ಕೆ ಇಡೀ ಅಕ್ಷರ ತಿಳಿಯುವಷ್ಟು ಚಿಕ್ಕ ಮನೆ. ಚುಕ್ಕಿ ಇದೆ ಅಥವಾ ಇಲ್ಲ ಎಂಬ ಎರಡೇ ಸಾಧ್ಯತೆಗಳಿಂದ 63 ಬೇರೆ ಬೇರೆ ಗುರುತುಗಳು ಸಿಗುತ್ತವೆ. ಅದರ ಜೋಡಣೆಯೂ ಮೇಷ್ಟ್ರೊಬ್ಬ ಮಾಡಿದಂತೆ ಕ್ರಮಬದ್ಧವಾಗಿದೆ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕಿಗಳ ಬಳಕೆ ಮಾತ್ರ. ಅವಕ್ಕೇ ಎಡಗಡೆಯ ಕೆಳಚುಕ್ಕಿ ಸೇರಿಸಿದರೆ ಮುಂದಿನ ಹತ್ತು. ಕೆಳಗಿನ ಎರಡೂ ಚುಕ್ಕಿ ಸೇರಿಸಿದರೆ ಅದರ ಮುಂದಿನವು. ಹತ್ತನ್ನು ಕಲಿತ ಮಗುವಿಗೆ ಉಳಿದವು ತಾವಾಗಿಯೇ ಬರುತ್ತವೆ. ಅಂಕಿಗಳಿಗೂ ಹೊಸ ಗುರುತು ಬೇಕಿಲ್ಲ. ಅದೇ ಹತ್ತು ಅಕ್ಷರಗಳ ಹಿಂದೆ ಒಂದು ಸೂಚನೆ ಇಟ್ಟರಾಯಿತು.

1829ರಲ್ಲಿ ಬ್ರೈಲ್ ತನ್ನ ಪದ್ಧತಿಯನ್ನು ವಿವರಿಸುವ ಪುಸ್ತಕ ಪ್ರಕಟಿಸಿದ. ಚುಕ್ಕಿಗಳ ಮೂಲಕ ಮಾತನ್ನೂ, ಸಂಗೀತವನ್ನೂ, ಚರ್ಚಿನ ಸರಳ ಗಾಯನವನ್ನೂ ಬರೆಯುವ ವಿಧಾನ ಎಂಬುದು ಅದರ ಶೀರ್ಷಿಕೆಯ ಅರ್ಥ. ಸಂಗೀತಕ್ಕೆ ಶೀರ್ಷಿಕೆಯಲ್ಲಿಯೇ ಸ್ಥಾನ. ಬಾರ್ಬಿಯೆಯ ಋಣವನ್ನು ಇಪ್ಪತ್ತರ ಯುವಕ ಅದರಲ್ಲಿ ಸ್ಪಷ್ಟವಾಗಿ ನೆನೆದಿದ್ದಾನೆ. ವಿಪರ್ಯಾಸವೆಂದರೆ ಆ ಪುಸ್ತಕದ ವಿವರಣೆ ಅಚ್ಚಾದದ್ದು ಹೌಯಿಯ ಕ್ರಮದ ಉಬ್ಬಕ್ಷರಗಳಲ್ಲಿ. ಮೊದಲ ಆವೃತ್ತಿಯಲ್ಲಿ ಚುಕ್ಕಿಗಳ ಜೊತೆ ಸಣ್ಣ ಗೆರೆಗಳೂ ಇದ್ದವು. ಬಳಕೆಯಲ್ಲಿ ಗೆರೆಗಳು ತೊಡಕೆಂದು ಕಂಡಾಗ 1837ರ ಆವೃತ್ತಿಯಲ್ಲಿ ಬ್ರೈಲ್ ಅವನ್ನು ಕೈಬಿಟ್ಟ.

ಸಂಗೀತವೇ ಏಕೆ?

ನಮ್ಮಲ್ಲಿ ಸಂಗೀತ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬರುವ ವಿದ್ಯೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹುಟ್ಟು ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು ನೂರಾರು ಮಕ್ಕಳನ್ನು ಗಾಯಕರನ್ನಾಗಿ, ವಾದಕರನ್ನಾಗಿ ಮಾಡಿದ್ದು ಈ ಪರಂಪರೆಯ ಬಲದಿಂದ. ರಾಗದ ವಿಸ್ತಾರ ಹಾಳೆಯ ಮೇಲಿರುವುದಿಲ್ಲ.

ಪಾಶ್ಚಾತ್ಯ ಸಂಗೀತದ ರೀತಿ ಬೇರೆ. ಅಲ್ಲಿ ಕೃತಿಕಾರ ಬರೆದಿಟ್ಟ ಪ್ರತಿ ಸ್ವರವನ್ನೂ ವಾದಕ ಹಾಗೆಯೇ ನುಡಿಸಬೇಕು. ಚರ್ಚಿನ ಆರ್ಗನ್ ಎಂದರೆ ನಮ್ಮ ಹಾರ್ಮೋನಿಯಮ್ಮಿನಂತೆ ಗಾಳಿಯಿಂದಲೇ ನುಡಿಯುವ, ಆದರೆ ಗೋಡೆಯೆತ್ತರದ ಕೊಳವೆಗಳಿರುವ ವಾದ್ಯ. ಎರಡು ಕೈ, ಎರಡು ಕಾಲು ನಾಲ್ಕಕ್ಕೂ ಅದರಲ್ಲಿ ಕೆಲಸ. ವಾರವಾರವೂ ಬೇರೆ ಬೇರೆ ಕೃತಿ. ಯಾರಾದರೂ ನುಡಿಸಿ ತೋರಿಸಿದ್ದನ್ನು ಕೇಳಿ ಕಂಠಪಾಠ ಮಾಡುವುದೊಂದೇ ದಾರಿಯಾದರೆ ಅಂಧ ವಾದಕ ಕೊನೆಯವರೆಗೂ ಇನ್ನೊಬ್ಬರ ಹಂಗಿನಲ್ಲೇ ಇರಬೇಕು. ಸ್ವರಲಿಪಿಯನ್ನು ತಾನೇ ಓದಿಕೊಳ್ಳಬಲ್ಲವನು ಮಾತ್ರ ಕಣ್ಣಿರುವ ವಾದಕನ ಎದುರು ಸಮಸಮನಾಗಿ ನಿಂತು ಕೆಲಸ ಕೇಳಬಹುದು. ಆದ್ದರಿಂದ ಸ್ವರಲಿಪಿ ಬ್ರೈಲನಿಗೆ ಅನ್ನದ ಪ್ರಶ್ನೆಯೂ ಆಗಿತ್ತು.

ಆತ ಮಾಡಿದ ಉಪಾಯ ಇಂದಿಗೂ ಬಳಕೆಯಲ್ಲಿದೆ. ಇಂಗ್ಲಿಷಿನ ಡಿ ಅಕ್ಷರದಿಂದ ಜೆ ಅಕ್ಷರದವರೆಗಿನ ಏಳು ಗುರುತುಗಳೇ ಏಳು ಸ್ವರಗಳಾಗುತ್ತವೆ. ಸ್ವರದ ಹೆಸರನ್ನು ಮೇಲಿನ ನಾಲ್ಕು ಚುಕ್ಕಿಗಳು ಹೇಳಿದರೆ, ಅದನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದನ್ನು ಕೆಳಗಿನ ಎರಡು ಚುಕ್ಕಿಗಳು ಹೇಳುತ್ತವೆ. ಸ್ವರ ಯಾವ ಸ್ಥಾಯಿಯದು ಎಂಬುದಕ್ಕೆ ಮುಂದೊಂದು ಗುರುತು. ಐದು ಗೆರೆಗಳ ಏಣಿಯ ಮೇಲೆ ಹತ್ತಿಳಿಯುವ ಪಾಶ್ಚಾತ್ಯ ಸ್ವರಲಿಪಿಯನ್ನು ಉಬ್ಬಿಸಿ ಮಾಡಿದ್ದರೆ ಬೆರಳು ದಾರಿ ತಪ್ಪುತ್ತಿತ್ತು. ಬ್ರೈಲ್ ಅದನ್ನು ಓದುವ ಸಾಲಿನಂತೆ ಒಂದರ ಪಕ್ಕ ಒಂದಾಗಿ ಹರಿಸಿದ. ಪಿಯಾನೊ ಕಲಿಯುವ ಅಂಧ ವಿದ್ಯಾರ್ಥಿ ಒಂದು ಕೈಯಿಂದ ಓದುತ್ತ ಇನ್ನೊಂದರಿಂದ ನುಡಿಸಿ ನೋಡುತ್ತಾನೆ; ಬಳಿಕ ಕೈ ಬದಲಿಸುತ್ತಾನೆ; ಕೊನೆಗೆ ಎರಡನ್ನೂ ಮನಸ್ಸಿನಲ್ಲಿ ಕೂಡಿಸಿಕೊಳ್ಳುತ್ತಾನೆ.

ಬ್ರೈಲ್ 1834ರಿಂದ ಕೆಲವು ವರ್ಷ ಪ್ಯಾರಿಸ್ಸಿನ ಸೇಂಟ್ ನಿಕೊಲಾ ದೆ ಶಾಂ ಚರ್ಚಿನ ಆರ್ಗನ್ ವಾದಕನಾಗಿದ್ದ. ಆತನ ಸಹಪಾಠಿ ಗಾಬ್ರಿಯೆಲ್ ಗೋತಿಯೆ ಇನ್ನೊಂದು ಚರ್ಚಿನ ವಾದಕನಾದ, ಕೃತಿಕಾರನೂ ಆದ. ಅದೇ ಶಾಲೆಯ ಕ್ಲೋಡ್ ಮೊಂತಾಲ್ ಪಿಯಾನೊಗಳಿಗೆ ಶ್ರುತಿ ಮಾಡುವ ಕೆಲಸದಲ್ಲಿ ಹೆಸರು ಗಳಿಸಿ, 1836ರಲ್ಲಿ ಆ ವಿದ್ಯೆಯ ಕುರಿತು ಪುಸ್ತಕವನ್ನೇ ಬರೆದ. ಮುಂದಿನ ಪೀಳಿಗೆಗಳಲ್ಲಿ ನೋತ್ರ್ ದಾಮ್ ಚರ್ಚಿನ ಆರ್ಗನ್ ಪೀಠಕ್ಕೇರಿದ ಲೂಯಿ ವಿಯೆರ್ನ್, ಹೆಸರಾಂತ ಕೃತಿಕಾರ ಜಾಂ ಲಾಂಗ್ಲೆ ಈ ಶಾಲೆಯಲ್ಲೇ ಕಲಿತವರು. ಜಾತ್ರೆಯಲ್ಲಿ ಯಾವುದು ನಗೆಪಾಟಲಾಗಿತ್ತೋ ಅದೇ - ಅಂಧರು ಸ್ವರಲಿಪಿ ಓದುವುದು - ಗೌರವದ ವೃತ್ತಿಯಾಯಿತು.

ಮೇಷ್ಟ್ರ ಬದುಕು

ಬ್ರೈಲ್ 1828ರಲ್ಲಿ ಸಹಾಯಕ ಶಿಕ್ಷಕನಾದ. 1833ರಲ್ಲಿ ಪೂರ್ಣ ಪ್ರಮಾಣದ ಶಿಕ್ಷಕ. ಮಿತ್ರ ಹಿಪ್ಪೊಲೀತ್ ಕೋಲ್ಟಾ ಬರೆದಿಟ್ಟ ನೆನಪುಗಳಲ್ಲಿ ಕಾಣುವ ಬ್ರೈಲ್ ಮಿತಭಾಷಿ, ಪಾಠವನ್ನು ಚಿಕ್ಕದಾಗಿ ಚೊಕ್ಕದಾಗಿ ಹೇಳುವವನು. ಆರಂಭದ ವಿದ್ಯಾರ್ಥಿಗಳಿಗಾಗಿ 1838ರಲ್ಲಿ ಅಂಕಗಣಿತದ ಕಿರುಪುಸ್ತಕವೊಂದನ್ನು ರಚಿಸಿದ. ಇಪ್ಪತ್ತಾರರ ಆಸುಪಾಸಿನಲ್ಲೇ ಕ್ಷಯದ ಲಕ್ಷಣಗಳು ಕಾಣಿಸಿಕೊಂಡಿದ್ದವು. ಆಗಾಗ ಕೂವ್ರೆಗೆ ಹೋಗಿ ವಿಶ್ರಾಂತಿ ಪಡೆದು, ಸುಧಾರಿಸಿಕೊಂಡು ಮತ್ತೆ ತರಗತಿಗೆ ಮರಳುತ್ತಿದ್ದ.

ಸಭೆಗಳಲ್ಲಿ ಭಾಷಣ ಮಾಡಿ ಹಕ್ಕು ಕೇಳಿದವನಲ್ಲ ಆತ. ಆದರೆ ಅಂಧರ ಪರವಾಗಿ ಆತ ಮಾಡಿದ ವಾದ ಆತನ ಕೆಲಸದಲ್ಲೇ ಇದೆ. ಇದಕ್ಕೆ 1839ರಲ್ಲಿ ಪ್ರಕಟಿಸಿದ ಇನ್ನೊಂದು ಪದ್ಧತಿ ಸಾಕ್ಷಿ. ಚುಕ್ಕಿಲಿಪಿಯಿಂದ ಅಂಧರು ಪರಸ್ಪರ ಪತ್ರ ಬರೆಯಬಹುದಾಗಿತ್ತು. ಊರಿನಲ್ಲಿರುವ ತಾಯಿಗೆ ಬರೆಯುವುದು ಹೇಗೆ? ಆಕೆಗೆ ಚುಕ್ಕಿಲಿಪಿ ಬಾರದು. ಅದಕ್ಕಾಗಿ ಬ್ರೈಲ್ ರೋಮನ್ ಅಕ್ಷರಗಳ ಆಕಾರವನ್ನೇ ಚುಕ್ಕಿಗಳಿಂದ ಮೂಡಿಸುವ ಕೋಷ್ಟಕ ಸಿದ್ಧಪಡಿಸಿದ. ಅಂಧ ವ್ಯಕ್ತಿ ಲೆಕ್ಕ ಹಿಡಿದು ಚುಕ್ಕಿ ಇಡುತ್ತಾನೆ. ಕಣ್ಣಿರುವವರು ಅಕ್ಷರವಾಗಿ ಓದುತ್ತಾರೆ. ಕೆಲಸ ನಿಧಾನವಾಗುತ್ತಿತ್ತು. ಪಿಯರ್ ಫೂಕೊ ಎಂಬ ಅಂಧ ಕುಶಲಕರ್ಮಿ ಕೆಲವೇ ವರ್ಷಗಳಲ್ಲಿ ಇದಕ್ಕೊಂದು ಯಂತ್ರವನ್ನೂ ಮಾಡಿಕೊಟ್ಟ. ಬೆರಳಚ್ಚು ಯಂತ್ರ ಮನೆಮಾತಾಗುವುದಕ್ಕೂ ಎಷ್ಟೋ ಮೊದಲಿನ ಮಾತಿದು.

ನಿಷೇಧ ಮತ್ತು ಪರೀಕ್ಷೆ

ಲಿಪಿ ಸಿದ್ಧವಾಯಿತು, ಮಕ್ಕಳು ಪ್ರೀತಿಯಿಂದ ಕಲಿತರು, ಪಿನ್ಯೇ ಬೆಂಬಲಿಸಿದ. 1837ರಲ್ಲಿ ಫ್ರಾನ್ಸಿನ ಇತಿಹಾಸದ ಪುಸ್ತಕವೊಂದು ಚುಕ್ಕಿಲಿಪಿಯಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಆದರೂ ಶಾಲೆಯ ಅಧಿಕೃತ ಲಿಪಿ ಹೌಯಿಯ ಉಬ್ಬಕ್ಷರವೇ. 1840ರಲ್ಲಿ ಆಡಳಿತದ ಒಳಜಗಳದಿಂದ ಪಿನ್ಯೇ ಹುದ್ದೆ ಕಳೆದುಕೊಂಡ. ಆತನ ಸ್ಥಾನಕ್ಕೆ ಬಂದ ಡ್ಯುಫೊ, ಚುಕ್ಕಿಲಿಪಿಯನ್ನು ತರಗತಿಯಿಂದ ಹೊರಗಿಟ್ಟು, ಅಮೆರಿಕ ಮತ್ತು ಸ್ಕಾಟ್ಲೆಂಡಿನಲ್ಲಿ ಬಳಕೆಯಲ್ಲಿದ್ದಂಥ ಉಬ್ಬಕ್ಷರಗಳನ್ನು ತರಲು ಹೊರಟ.

ಇದನ್ನು ಬರೀ ದುಷ್ಟತನವೆಂದು ತಳ್ಳಿಹಾಕುವುದು ಸುಲಭ. ಉಬ್ಬಕ್ಷರದ ಪರ ಇದ್ದವರ ವಾದವೂ ಮೇಲ್ನೋಟಕ್ಕೆ ಒಪ್ಪುವಂಥದ್ದೇ. ಅಂಧರಿಗೆ ಬೇರೆ ಲಿಪಿ ಕೊಟ್ಟರೆ ಅವರು ಸಮಾಜದಿಂದ ಬೇರೆಯಾಗುತ್ತಾರೆ. ಎಲ್ಲರ ಅಕ್ಷರವೇ ಅವರ ಅಕ್ಷರವೂ ಆಗಲಿ. ಕಣ್ಣಿರುವ ಮೇಷ್ಟ್ರುಗಳು ಹೊಸ ಲಿಪಿ ಕಲಿಯುವ ಶ್ರಮವೂ ತಪ್ಪುತ್ತದೆ. ಈ ವಾದದಲ್ಲಿ ಒಂದೇ ಒಂದು ಕೊರತೆ. ಓದಬೇಕಾದ ಬೆರಳನ್ನು ಯಾರೂ ಕೇಳಿರಲಿಲ್ಲ. ಕಣ್ಣಿಗೆ ಅಂದವಾಗಿ ಕಾಣುವ ಅಕ್ಷರ ಬೆರಳಿಗೂ ಸುಲಭವಾಗಿರಬೇಕು ಎಂದು ಕಣ್ಣಿದ್ದವರು ತಾವೇ ತೀರ್ಮಾನಿಸಿಬಿಟ್ಟಿದ್ದರು.

ಮಕ್ಕಳು ಸುಮ್ಮನಿರಲಿಲ್ಲ. ಕದ್ದುಮುಚ್ಚಿ ಚುಕ್ಕಿಗಳಲ್ಲಿ ಬರೆದರು, ಒಬ್ಬರಿಗೊಬ್ಬರು ಕಲಿಸಿಕೊಂಡರು. ತಾವು ಬರೆದುಕೊಂಡದ್ದನ್ನು ತಾವೇ ಓದುವ ರುಚಿ ಒಮ್ಮೆ ಹತ್ತಿದ ಮೇಲೆ ಅದನ್ನು ಬಿಡುವುದು ಸಾಧ್ಯವಿರಲಿಲ್ಲ. ಸಹಾಯಕ ನಿರ್ದೇಶಕ ಜೋಸೆಫ್ ಗ್ವಾಡೆ ಇದನ್ನು ಗಮನಿಸಿದ. ಕ್ರಮೇಣ ಡ್ಯುಫೊನ ಮನಸ್ಸನ್ನೂ ಒಲಿಸಿದ.

ಅಷ್ಟರಲ್ಲಿ ಶಾಲೆಗೆ ಹೊಸ ಕಟ್ಟಡವೂ ಬಂತು. ಹಳೆಯ ಕಟ್ಟಡದ ದುಃಸ್ಥಿತಿಯ ಬಗ್ಗೆ ಕವಿ ಲಾಮಾರ್ತಿನ್ 1838ರಲ್ಲಿ ಫ್ರಾನ್ಸಿನ ಸಂಸತ್ತಿನಲ್ಲಿ ಮಾತನಾಡಿದ್ದ. ಅದರ ಫಲ ಇದು. 1844ರ ಫೆಬ್ರುವರಿ 22ರಂದು ಅದರ ಉದ್ಘಾಟನೆ. ಆ ಸಭೆಯಲ್ಲಿ ಗ್ವಾಡೆ ಬ್ರೈಲನ ಪದ್ಧತಿಯ ಹುಟ್ಟು, ಬೆಳವಣಿಗೆಗಳನ್ನು ವಿವರಿಸಿ ಹೊಗಳಿದ. ಸಭಿಕರೆದುರು ಪ್ರಯೋಗವೂ ನಡೆಯಿತು. ಒಬ್ಬ ವಿದ್ಯಾರ್ಥಿ ಹೇಳಿದ್ದನ್ನು ಚುಕ್ಕಿಗಳಲ್ಲಿ ಬರೆದುಕೊಂಡ. ಹೊರಗಿದ್ದ ಇನ್ನೊಬ್ಬ ಬಂದು ಅದನ್ನು ತಪ್ಪಿಲ್ಲದೆ ಓದಿದ. ಲಿಪಿಗೆ ಬೇಕಾಗಿದ್ದ ಪರೀಕ್ಷೆ ಇಷ್ಟೇ. ಅದನ್ನು ನಡೆಸಲು ಹದಿನೈದು ವರ್ಷ ಹಿಡಿದಿತ್ತು.

ಬ್ರೈಲ್ ಈ ಗೆಲುವನ್ನು ಹೆಚ್ಚು ಕಾಲ ಅನುಭವಿಸಲಿಲ್ಲ. 1851ರ ಡಿಸೆಂಬರಿನಲ್ಲಿ ರಕ್ತ ಕಾರಿ ಹಾಸಿಗೆ ಹಿಡಿದ ಆತ 1852ರ ಜನವರಿ 6ರಂದು, 43 ತುಂಬಿದ ಎರಡೇ ದಿನಕ್ಕೆ ತೀರಿಕೊಂಡ. ಕೋಲ್ಟಾ ದಾಖಲಿಸಿರುವಂತೆ, ತೆರೆಯದೆ ಸುಡಬೇಕೆಂದು ಬ್ರೈಲ್ ಹೇಳಿಹೋಗಿದ್ದ ಒಂದು ಪೆಟ್ಟಿಗೆ ಉಳಿದಿತ್ತು. ಕುತೂಹಲ ತಡೆಯದೆ ತೆರೆದಾಗ ಸಿಕ್ಕಿದ್ದು ಸಾಲಪತ್ರಗಳು. ವಿದ್ಯಾರ್ಥಿಗಳು ಮೇಷ್ಟ್ರ ಬಳಿ ಕೈಗಡ ಪಡೆದು ಬರೆದುಕೊಟ್ಟಿದ್ದ ಚೀಟಿಗಳು. ಅವನ್ನು ಆತನ ಇಚ್ಛೆಯಂತೆ ಸುಡಲಾಯಿತು. ಫ್ರಾನ್ಸ್ ಸರ್ಕಾರ ಆತನ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ, ಎರಡು ವರ್ಷ ತಡವಾಗಿ.

ಚುಕ್ಕಿಗಳ ಸಮರ

ಲಿಪಿ ಫ್ರಾನ್ಸಿನ ಗಡಿ ದಾಟಿದಾಗಲೂ ಹಳೆಯ ಜಗಳವೇ ಮರುಕಳಿಸಿತು. ಇಂಗ್ಲೆಂಡಿನಲ್ಲಿ ಆಗ ಹಲವು ಉಬ್ಬುಲಿಪಿಗಳು ಬಳಕೆಯಲ್ಲಿದ್ದು, ಒಂದನ್ನು ಕಲಿತವನಿಗೆ ಇನ್ನೊಂದರ ಪುಸ್ತಕ ಓದಲು ಬರುತ್ತಿರಲಿಲ್ಲ. ದೃಷ್ಟಿ ಮಂದವಾಗಿ ವೈದ್ಯವೃತ್ತಿ ಬಿಟ್ಟಿದ್ದ ಥಾಮಸ್ ಆರ್ಮಿಟೇಜ್ 1868ರಲ್ಲಿ ಸಂಘವೊಂದನ್ನು ಕಟ್ಟಿ, ಯಾವ ಲಿಪಿ ಉತ್ತಮವೆಂದು ತೀರ್ಮಾನಿಸಲು ಸಮಿತಿ ರಚಿಸಿದ. ಬೆರಳಿನಿಂದ ಓದುವವರು ಮಾತ್ರ ಅದರ ಸದಸ್ಯರಾಗಬಹುದು. ಯಾವುದೇ ಲಿಪಿಯಿಂದ ಹಣದ ಲಾಭ ಇರುವವರಿಗೆ ಪ್ರವೇಶವಿಲ್ಲ. ಆ ಸಮಿತಿ ಆರಿಸಿಕೊಂಡದ್ದು ಬ್ರೈಲ್ ಲಿಪಿಯನ್ನು. 1878ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವೂ ಅದನ್ನೇ ಎತ್ತಿಹಿಡಿಯಿತು.

ಅಮೆರಿಕದಲ್ಲಿ ಮಾತ್ರ ನ್ಯೂಯಾರ್ಕಿನ ಚುಕ್ಕಿಲಿಪಿ, ಅಮೆರಿಕನ್ ಬ್ರೈಲ್, ಇಂಗ್ಲಿಷ್ ಬ್ರೈಲ್ ಎಂದು ಬಣಗಳಾಗಿ, ಮೊದಲೇ ಕಡಿಮೆಯಿದ್ದ ಹಣ ಒಂದೇ ಪುಸ್ತಕವನ್ನು ಹಲವು ಲಿಪಿಗಳಲ್ಲಿ ಅಚ್ಚು ಮಾಡುವುದಕ್ಕೆ ಸೋರಿಹೋಯಿತು. 'ಚುಕ್ಕಿಗಳ ಸಮರ' ಎಂದೇ ಹೆಸರಾದ ಆ ಜಗಳ ಮುಗಿದು, ಇಂಗ್ಲಿಷ್ ಮಾತಾಡುವ ದೇಶಗಳು ಒಂದು ಒಪ್ಪಂದಕ್ಕೆ ಬಂದದ್ದು 1932ರಲ್ಲಿ.

ಭಾರತದಲ್ಲಿ 1887ರಲ್ಲಿ ಅಮೃತಸರದಲ್ಲಿ ಅಂಧರ ಮೊದಲ ಶಾಲೆ ಆರಂಭವಾಯಿತು. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ 1901ರಲ್ಲಿ ತೆರೆಯಿತು. ಆದರೆ ಬ್ರೈಲನ ಆರು ಚುಕ್ಕಿಗಳನ್ನು ನಮ್ಮ ವರ್ಣಮಾಲೆಗೆ ಹೊಂದಿಸಿಕೊಳ್ಳುವಾಗ ಪ್ರಾಂತ್ಯಕ್ಕೊಂದು ರೀತಿಯಾಯಿತು. ಸ್ವಾತಂತ್ರ್ಯಾನಂತರ ಸರ್ಕಾರ ಯುನೆಸ್ಕೊದ ನೆರವು ಕೇಳಿತು. ನ್ಯೂಜಿಲೆಂಡಿನ ಅಂಧ ಧುರೀಣ ಸರ್ ಕ್ಲೂತಾ ಮೆಕೆಂಜಿ ಅವರ ನೇತೃತ್ವದಲ್ಲಿ ನಡೆದ ಸಮಾಲೋಚನೆಗಳ ಫಲವಾಗಿ 1951ರಲ್ಲಿ 'ಭಾರತಿ ಬ್ರೈಲ್' ಜಾರಿಗೆ ಬಂತು. ಭಾರತೀಯ ಭಾಷೆಗಳಲ್ಲಿ ಒಂದೇ ಧ್ವನಿಗೆ ಆದಷ್ಟೂ ಒಂದೇ ಗುರುತು ಎಂಬುದು ಇದರ ತತ್ವ. ಕನ್ನಡದ 'ಕ' ಮತ್ತು ಹಿಂದಿಯ 'ಕ' ಬೆರಳಿಗೆ ಒಂದೇ. ಇಂಗ್ಲಿಷಿನ 'ಕೆ' ಕೂಡ ಅದೇ.

ಕನ್ನಡ ಬ್ರೈಲ್‌ನಲ್ಲಿ ತಲೆಕಟ್ಟು, ಕೊಂಬು, ಗುಡಿಸುಗಳಿಲ್ಲ. ಒತ್ತಕ್ಷರ ಕೆಳಗಿಳಿಯುವುದಿಲ್ಲ. ಎಲ್ಲವೂ ಒಂದೇ ಸಾಲಿನಲ್ಲಿ ಉಚ್ಚಾರದ ಕ್ರಮದಲ್ಲಿ ಬರುತ್ತವೆ. 'ಶಕ್ತಿ' ಎಂದು ಬರೆಯಲು ಐದು ಮನೆಗಳು: ಶ, ಮುಂದಿನ ವ್ಯಂಜನಕ್ಕೆ ಸ್ವರವಿಲ್ಲವೆಂದು ಹೇಳುವ ಒಂಟಿ ಚುಕ್ಕಿ, ಕ, ತ, ಇ. ನೋಟಕ್ಕೆ ಕನ್ನಡ ಲಿಪಿಯ ಹೋಲಿಕೆಯೇ ಇಲ್ಲ. ಓದುವ ಬೆರಳಿಗೆ ಮಾತ್ರ ಅದು ಅಚ್ಚ ಕನ್ನಡ. ಕಣ್ಣಿಗೆ ಹೋಲಬೇಕಾಗಿಲ್ಲ, ಬೆರಳಿಗೆ ಒಪ್ಪಿದರೆ ಸಾಕು ಎಂದು ಬ್ರೈಲ್ ಹಿಡಿದ ಹಟ ನಮ್ಮ ಭಾಷೆಯಲ್ಲೂ ಹೀಗೆ ಫಲಿಸಿತು.

ಉಳಿದಿರುವ ಪ್ರಶ್ನೆ

ಬ್ರೈಲ್ ಸತ್ತ ನೂರು ವರ್ಷಗಳ ಬಳಿಕ, 1952ರಲ್ಲಿ, ಫ್ರಾನ್ಸ್ ಆತನ ಅಸ್ಥಿಗಳನ್ನು ಕೂವ್ರೆಯಿಂದ ತಂದು ರಾಷ್ಟ್ರದ ಮಹನೀಯರ ಸಮಾಧಿ ಮಂದಿರವಾದ ಪ್ಯಾಂಥಿಯನ್‌ನಲ್ಲಿ ಇರಿಸಿತು. ಹೆಲೆನ್ ಕೆಲರ್ ಆ ಸಮಾರಂಭಕ್ಕೆ ಬಂದಿದ್ದರು. ಕೂವ್ರೆಯವರು ಆತನ ಕೈಗಳ ಅಸ್ಥಿಯನ್ನು ಮಾತ್ರ ತಮ್ಮ ಊರಿನಲ್ಲೇ ಉಳಿಸಿಕೊಂಡರು. 2009ರಲ್ಲಿ, ಹುಟ್ಟಿದ ಇನ್ನೂರನೇ ವರ್ಷದ ನೆನಪಿಗೆ, ಭಾರತ ಸರ್ಕಾರ ಬ್ರೈಲನ ಚಿತ್ರವಿರುವ ಎರಡು ರೂಪಾಯಿ ನಾಣ್ಯ ಹೊರತಂದಿತು. ಜನವರಿ 4ನ್ನು ವಿಶ್ವಸಂಸ್ಥೆ 2019ರಿಂದ ವಿಶ್ವ ಬ್ರೈಲ್ ದಿನವಾಗಿ ಆಚರಿಸುತ್ತಿದೆ.

ಗೌರವಕ್ಕೆ ಕೊರತೆಯಿಲ್ಲ; ಪುಸ್ತಕಗಳಿಗೆ ಇದೆ. ಕಣ್ಣಿರುವವರಿಗಾಗಿ ಅಚ್ಚಾಗುವ ಪುಸ್ತಕಗಳಲ್ಲಿ ಬ್ರೈಲ್‌ಗೆ ಬರುವುದು ಬಹಳ ಚಿಕ್ಕ ಪಾಲು. ಹಕ್ಕುಸ್ವಾಮ್ಯದ ಕಾನೂನು ಇದಕ್ಕೆ ಅಡ್ಡಿಯಾಗಬಾರದೆಂದು 2013ರಲ್ಲಿ ಮರಕೇಶ್ ಒಪ್ಪಂದ ರೂಪುಗೊಂಡಿತು. ಅದನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ.

ಈಗ ಫೋನು, ಕಂಪ್ಯೂಟರುಗಳು ಕನ್ನಡವನ್ನೂ ಗಟ್ಟಿಯಾಗಿ ಓದಿ ಹೇಳುತ್ತವೆ. ಹೀಗಿರುವಾಗ ಬ್ರೈಲ್ ಏಕೆ ಬೇಕು ಎಂದು ಕೇಳುವವರಿದ್ದಾರೆ. ಕೇಳಿ ತಿಳಿಯುವುದು ದೊಡ್ಡ ಅನುಕೂಲ, ಅನುಮಾನವಿಲ್ಲ. ಆದರೆ ಕೇಳುವವನಿಗೆ ಕಾಗುಣಿತ ತಿಳಿಯುವುದಿಲ್ಲ. ಗಣಿತದ ಸಮೀಕರಣ ಕಿವಿಯಲ್ಲಿ ನಿಲ್ಲುವುದಿಲ್ಲ. ಬ್ರೈಲ್ ಲಿಪಿಗೆ ಮೊದಲ ಪ್ರೇರಣೆಯಾದ ಕೊರತೆಗಳೂ ಇವೇ - ಕಾಗುಣಿತ, ಅಂಕಿ, ಸ್ವರ. ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಇಂದೂ ಬಹುಮಟ್ಟಿಗೆ ಕೇಳುತ್ತಿರುವವರು ಕಣ್ಣಿದ್ದವರೇ. ಆರ್ಮಿಟೇಜನ ಸಮಿತಿಯ ನಿಯಮ ಈ ಸಂದರ್ಭಕ್ಕೂ ಹೊಂದುತ್ತದೆ: ಉತ್ತರ ಹೇಳುವ ಅಧಿಕಾರ ಬೆರಳಿನಿಂದ ಓದುವವರದು.